ಉಪ್ಪಿನ ಮರಿಗೆಯಿಂದ ಆರಂಭವಾದ ಬರವಣಿಗೆ

ಚಿಕ್ಕಂದಿನಿಂದ ಕಾದಂಬರಿಗಳನ್ನು ಓದುತ್ತ ಬಂದಿದ್ದೀರಿ, ಬರೆಯಬೇಕೆಂಬ ಆಸೆಯೂ ಅಷ್ಟೇ ಹಳೆಯದು, ಆದರೆ ಕೆಲಸ, ಮನೆ, ಮಕ್ಕಳ ಶಾಲೆ, ವರ್ಷಕ್ಕೊಮ್ಮೆ ಮನೆಮಂದಿಯೊಂದಿಗೆ ನಾಲ್ಕು ದಿನದ ಪ್ರವಾಸ ಇಷ್ಟೇ ಇರುವ ಬದುಕಿನಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳಿದ್ದೀರಿ. ನನ್ನ ಬದುಕೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಈ ಪ್ರಶ್ನೆಯನ್ನು ದಾಟಿ ಹೋಗಲು ಮನಸ್ಸಾಗಲಿಲ್ಲ. ನೀವು ಬರೆಯಬೇಕಾದದ್ದರಲ್ಲಿ ಅರ್ಧದಷ್ಟು ನಿಮ್ಮೊಂದಿಗೆ ಅದೇ ಗಾಡಿಯಲ್ಲಿ ಕುಳಿತು ಪ್ರಯಾಣ ಮಾಡುವವರ ಬಾಯಲ್ಲಿದೆ ಎಂಬುದು ನನ್ನ ನಂಬಿಕೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಹೇಗೆ ತಿಳಿಯಿತು ಎಂಬುದನ್ನೇ ಹೇಳುತ್ತೇನೆ.

ನಾನು ಚಿತ್ರದುರ್ಗದವಳು, ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಓದಿನ ರುಚಿ ಹತ್ತಿದ್ದು ಅಪ್ಪನಿಂದ. ನನಗೆ ಎಂಟು ವರ್ಷವಿದ್ದಾಗ ಅವರು ನನ್ನನ್ನು ಕೋಟೆಗೆ ಕರೆದುಕೊಂಡು ಹೋಗಿ, ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದ್ದ ಬಲದ ಮೇಲೆ ಮದಕರಿನಾಯಕನ ಕಥೆಯನ್ನು ಒಂದೊಂದು ಬಾಗಿಲಿನ ಬಳಿಯೂ ನಿಂತು ಹೇಳುತ್ತ ಹೋದರು. ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳ ಹತ್ತಿರ ಬಂದಾಗ ಅದರ ಮೇಲೆ ನನ್ನ ಕೈಯಿಡಿಸಿ, 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿದ್ದನ್ನು ಹೇಳಿದರು. ಹೈಸ್ಕೂಲಿನಲ್ಲಿದ್ದಾಗ ಆ ಕಾದಂಬರಿಯನ್ನು ನಾನೇ ಓದಿದೆ. ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಇವೆಲ್ಲ ಕಾಲಿಗೆ ಪರಿಚಯವಿದ್ದ ಜಾಗಗಳಾದ್ದರಿಂದ ಓದು ನೆಲ ಮುಟ್ಟಿಕೊಂಡೇ ಸಾಗಿತು. ನೋಡಿದ ಮೇಲೆ ಓದುವುದರ ಸುಖವೇ ಬೇರೆ ಎಂದು ಆಗ ಅನ್ನಿಸಿದ್ದು ಇಂದಿಗೂ ಬದಲಾಗಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ವಿಷಯದಲ್ಲಿ ಮಾತ್ರ ಎಲ್ಲವೂ ಹಿಂದುಮುಂದಾಯಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗ್ರಂಥಾಲಯದಿಂದ ತಂದು, ಏಳುನೂರಕ್ಕೂ ಹೆಚ್ಚು ಪುಟಗಳನ್ನು ಹನ್ನೊಂದು ದಿನಗಳಲ್ಲಿ ಓದಿದೆ. ಗುತ್ತಿ, ತಿಮ್ಮಿ, ಐತ, ಪೀಂಚಲು ಇವರೆಲ್ಲ ನನಗೆ ನೆಂಟರಿಗಿಂತ ಹತ್ತಿರದವರಾದರು. ನನ್ನ ಅಮ್ಮ ತೀರ್ಥಹಳ್ಳಿ ತಾಲ್ಲೂಕಿನವರು, ಕಾದಂಬರಿಯಲ್ಲಿ ಮತ್ತೆ ಮತ್ತೆ ಬರುವ ಮೇಗರವಳ್ಳಿಯ ಕಡೆಯವರು. 1975ರಲ್ಲಿ ಮದುವೆಯಾಗಿ ಬಯಲುಸೀಮೆಗೆ ಬಂದರು. ಅಜ್ಜ ಅಜ್ಜಿ ತೀರಿಕೊಂಡ ಮೇಲೆ ತವರಿನ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು. ಅಡುಗೆಮನೆಯ ಗೋಡೆಗೆ ಒರಗಿ ಕುಳಿತು ನಾನು ಅಮ್ಮನ ತವರಿನ ಕಾಡನ್ನು ಓದುತ್ತಿದ್ದರೆ, ಗೋಡೆಯ ಆಚೆ ಅಮ್ಮ ಕಡುಬಿಗೆ ಅಕ್ಕಿತರಿ ಬೇಯಿಸುತ್ತಿದ್ದರು. ಎದ್ದು ಹೋಗಿ ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಮಲೆನಾಡು ಪುಸ್ತಕದಲ್ಲಿದೆ ಎಂದೇ ನಂಬಿದ್ದೆ. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಲೆನಾಡಿನ ಮಳೆಗಾಲದ ಮೇಲೆ ಒಂದು ಕಥೆ ಬರೆದು ವಾರಪತ್ರಿಕೆಯೊಂದಕ್ಕೆ ಕಳುಹಿಸಿದೆ. ತಿರುಗಿ ಬಂತು. ಅದರಲ್ಲಿ ನಾಲ್ಕು ಕಡೆ ‘ಜಡಿಮಳೆ’ ಎಂಬ ಪದವಿತ್ತು. ನಾನು ಅಂಥ ಮಳೆಯಲ್ಲಿ ಒಂದು ದಿನವೂ ನಿಂತವಳಲ್ಲ. ಅದಾದ ಮೇಲೆ ಮದುವೆ, ನೌಕರಿ, ಇಬ್ಬರು ಮಕ್ಕಳು. ಓದು ನಿಲ್ಲಲಿಲ್ಲ, ಬರೆಯುವುದು ನಿಂತಿತು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಬಾಣಂತನದಲ್ಲಿ ಒಮ್ಮೆ, 2020ರ ಲಾಕ್‌ಡೌನಿನಲ್ಲಿ ಇನ್ನೊಮ್ಮೆ ಓದಿದೆ.

ಪ್ರವಾಸಗಳ ಬಗ್ಗೆ ಹೇಳುವುದಾದರೆ, ನಾವೂ ಎಲ್ಲರಂತೆಯೇ ಹೋಗುತ್ತಿದ್ದೆವು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ದಿನದಲ್ಲಿ. ಮಧ್ಯಾಹ್ನದ ಊಟ ದಾರಿಯಲ್ಲಿ. ಎಲ್ಲ ಕಡೆಯೂ ಒಂದು ಫೋಟೋ. ಆ ಪ್ರವಾಸಗಳಲ್ಲಿ ನನಗೆ ಇಂದು ನೆನಪಿರುವುದು ವಾಹನದ ಕಿಟಕಿ ಮಾತ್ರ.

2022ರ ದಸರಾ ರಜೆಯಲ್ಲಿ, ಕುವೆಂಪು ಅವರ ಊರಾದ ಕುಪ್ಪಳಿಗೆ ಹೋಗೋಣವೆಂದು ನಾನೇ ಹಠ ಮಾಡಿದೆ. ಯಜಮಾನರು, ಇಬ್ಬರು ಮಕ್ಕಳು, ಅಮ್ಮ ಮತ್ತು ನಾನು, ಒಟ್ಟು ಐದು ಜನ. ಶಿವಮೊಗ್ಗ ದಾಟಿ ತೀರ್ಥಹಳ್ಳಿಯ ರಸ್ತೆ ಹಿಡಿದಾಗ ಮಕ್ಕಳು ಸಕ್ರೆಬೈಲಿನಲ್ಲಿ ಆನೆ ನೋಡಬೇಕೆಂದರು, ನಿಲ್ಲಿಸಿದೆವು. ಅಮ್ಮ ಗಾಡಿಯಿಂದ ಇಳಿಯಲಿಲ್ಲ. ಮಂಡಗದ್ದೆ ದಾಟುವವರೆಗೂ ಮಾತಿಲ್ಲ. ಆಮೇಲೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಹೊರಗಿನ ಗಾಳಿಯನ್ನು ಮೂಸಿ ನೋಡಿ, ‘ಗದ್ದೆ ಹೊಡೆ ಒಡೆದಿದೆ’ ಎಂದರು. ಭತ್ತದ ಪೈರಿನಿಂದ ತೆನೆ ಹೊರಡುವ ಹೊತ್ತಿಗೆ ಗದ್ದೆಗೆ ಒಂದು ಬಗೆಯ ಹಾಲಿನ ವಾಸನೆ ಬರುತ್ತದಂತೆ. ನಾನೂ ಮೂಸಿದೆ, ನನಗೆ ತಿಳಿದದ್ದು ಹಸಿಮಣ್ಣಿನ ವಾಸನೆಯಷ್ಟೇ. ನಲವತ್ತೇಳು ವರ್ಷ ಬಯಲುಸೀಮೆಯಲ್ಲಿ ಬಾಳಿದ ಮೇಲೂ ಅಮ್ಮನ ಮೂಗು ಅದನ್ನು ಮರೆತಿರಲಿಲ್ಲ.

ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆಯ ಮೇಲೆ ನಿಂತಾಗ ನನ್ನ ಮಗ ಕೆಳಗಿನ ನೀರನ್ನೇ ಬಹಳ ಹೊತ್ತು ನೋಡುತ್ತಿದ್ದ. ಲಾಕ್‌ಡೌನಿನ ರಾತ್ರಿಗಳಲ್ಲಿ ನಾನು ಅವನಿಗೆ ಗುತ್ತಿಯ ನಾಯಿ ಹುಲಿಯನ ಕಥೆ ಹೇಳಿದ್ದೆ. ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋದದ್ದನ್ನು ಕೇಳಿ ಅವನು ಅಂದು ಊಟ ಬಿಟ್ಟಿದ್ದ. ‘ಇಷ್ಟೇ ನೀರಿನಲ್ಲಿ ಹೇಗಮ್ಮ ಕೊಚ್ಚಿಹೋಯಿತು?’ ಎಂದು ಕೇಳಿದ. ನಾನು ಉತ್ತರಕ್ಕೆ ತಡಕಾಡುತ್ತಿದ್ದಾಗ ಅಮ್ಮ ಮುಂದೆ ಬಂದು, ‘ಈಗ ಮಳೆ ಹಿಂದೆ ಸರಿದಿದೆ ಮಗಾ. ಆರಿದ್ರೆ, ಪುನರ್ವಸು, ಪುಷ್ಯ, ಮೂರೂ ಸುರಿದ ಮೇಲೆ ಬಂದು ನೋಡು’ ಎಂದರು. ಜೂನ್ ಕೊನೆಯ ವಾರದಿಂದ ಆಗಸ್ಟ್ ಆರಂಭದವರೆಗಿನ ಮಳೆಯನ್ನು ಹದಿಮೂರು ಹದಿನಾಲ್ಕು ದಿನಗಳ ಮೂರು ನಕ್ಷತ್ರಗಳಾಗಿ ವಿಂಗಡಿಸಿ, ಯಾವ ಮಳೆಗೆ ಸಸಿ ನೆಡುವುದು, ಯಾವ ಮಳೆಗೆ ಹೊಳೆ ದಾಟಬಾರದು ಎಂಬುದನ್ನು ಅವರು ಅಲ್ಲೇ ನಿಂತು ಮೊಮ್ಮಗನಿಗೆ ಹೇಳಿದರು. ನನ್ನ ಕಥೆಯ ನಾಲ್ಕು ಜಡಿಮಳೆಗಳು ನನಗೆ ಆಗ ನೆನಪಾದವು.

ಕುಪ್ಪಳಿಯ ಕವಿಮನೆ ಮೂರಂತಸ್ತಿನ ದೊಡ್ಡ ಮನೆ; ನಡುವೆ ಅಂಗಳ, ಸುತ್ತ ಮರದ ಕಂಬಗಳ ಜಗಲಿ. ಕುವೆಂಪು ಬೆಳೆದ ಆ ಮನೆಯಲ್ಲಿ ಈಗ ಅವರ ಪುಸ್ತಕ, ಚಿತ್ರಗಳ ಜೊತೆಗೆ ಹಳೆಯ ಕಾಲದ ಪಾತ್ರೆ ಪಗಡಿ, ಒಕ್ಕಲುತನದ ಸಾಮಾನುಗಳನ್ನೂ ಇಟ್ಟಿದ್ದಾರೆ. ನಾನು ಹಸ್ತಪ್ರತಿಗಳ ಮುಂದೆ ನಿಂತಿದ್ದೆ. ಹಿಂತಿರುಗಿ ನೋಡಿದರೆ ಅಮ್ಮ ಇರಲಿಲ್ಲ. ಹುಡುಕಿಕೊಂಡು ಹೋದಾಗ ಅಡುಗೆಯ ಸಾಮಾನುಗಳ ಎದುರು, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟಬಾರದೆಂದು ಯಾರೋ ಹೇಳಿದ ಮಗುವಿನಂತೆ ನಿಂತಿದ್ದರು. ಮರದಲ್ಲಿ ಕೊರೆದ, ಬೊಗಸೆಗಿಂತ ಸ್ವಲ್ಪ ದೊಡ್ಡದಾದ, ಅಂಚು ಸವೆದು ಕಪ್ಪಾಗಿ ಮಿರುಗುವ ಒಂದು ಬಟ್ಟಲನ್ನು ನೋಡುತ್ತಿದ್ದರು.

‘ಮರಿಗೆ ಕಣೆ ಇದು. ಉಪ್ಪಿನ ಮರಿಗೆ,’ ಎಂದರು. ‘ನಮ್ಮ ಮನೇಲಿ ಒಲೆಯ ಬಲಗಡೆ ಇರ್ತಿತ್ತು. ಬೆಂಕಿ ಹತ್ರ ಇದ್ರೆ ಮಳೆಗಾಲದಲ್ಲೂ ಉಪ್ಪು ನೀರಾಗಲ್ಲ. ಅವ್ವ ಕತ್ತಲಲ್ಲೇ ಕೈ ಹಾಕಿ ತೆಗೀತಿದ್ರು, ಒಂದು ದಿನ ಅಳತೆ ತಪ್ಪಿದ್ದಿಲ್ಲ.’

ಮರಿಗೆ ಎಂಬ ಪದವನ್ನು ನಾನು ಓದಿರಲಿಲ್ಲವೆಂದಲ್ಲ. ನನ್ನ ಬಳಿಯಿರುವ ನಿಘಂಟು ಅದನ್ನು ಮರದ ಪಾತ್ರೆ ಎಂದು ಹೇಳಿ ಮುಗಿಸುತ್ತದೆ, ನಾನೂ ಹಾಗೆಯೇ ಓದಿ ಮುಗಿಸಿದ್ದೆ. ಒಲೆಯ ಬಲಗಡೆ ಎಂಬುದು, ಲೋಹಕ್ಕೆ ತುಕ್ಕು ಹಿಡಿಸುವ ಉಪ್ಪನ್ನು ಮರದಲ್ಲಿಟ್ಟರೆ ಎರಡೂ ಉಳಿಯುತ್ತವೆ ಎಂಬುದು, ಕತ್ತಲಲ್ಲಿ ಕೈ ಹಾಕುವ ಹೆಂಗಸೊಬ್ಬಳು ಅದರ ಹಿಂದೆ ಇದ್ದಾಳೆ ಎಂಬುದು ಅಮ್ಮ ಹೇಳುವವರೆಗೆ ನನಗೆ ತಿಳಿದಿರಲಿಲ್ಲ. ನಾವು ಅಲ್ಲಿ ಎರಡು ಗಂಟೆ ಇದ್ದೆವು. ಕಡೆಗೋಲು, ಕೊಳಗ, ಒನಕೆ, ಮಳೆಗೆ ಹೊದೆಯುವ ಗೊರಬು ಇವೆಲ್ಲ ಯಾರ ಕೈಯಲ್ಲಿ, ಎಷ್ಟು ಹೊತ್ತಿನಲ್ಲಿ, ಯಾವ ಬೈಗುಳದ ಜೊತೆ ಬಳಕೆಯಾಗುತ್ತಿದ್ದವು ಎಂಬುದನ್ನು ಅಮ್ಮ ಹೇಳುತ್ತ ಹೋದರು. ಮಗಳು ತನ್ನ ಡ್ರಾಯಿಂಗ್ ಪುಸ್ತಕದಲ್ಲಿ ಚಿತ್ರ ಬರೆದುಕೊಂಡಳು. ಮುಂದಿನ ದಿನದ ಆಗುಂಬೆಯ ಸೂರ್ಯಾಸ್ತವನ್ನು ಕೈಬಿಟ್ಟೆವು, ಯಾರಿಗೂ ಬೇಸರವಾಗಲಿಲ್ಲ.

ಸಂಜೆ ಕವಿಶೈಲಕ್ಕೆ ಹೋದೆವು. ಕುವೆಂಪು ಅವರ ಸಮಾಧಿ ಇರುವ ಆ ಬಂಡೆಗಳ ನೆತ್ತಿಯಲ್ಲಿ ಒಂದು ಕಡೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಮೂವರ ಹೆಸರುಗಳನ್ನೂ ಕಲ್ಲಿನಲ್ಲಿ ಕೊರೆದಿರುವುದನ್ನು ಮಗ ತೋರಿಸಿದ. ವೆಂಕಣ್ಣಯ್ಯನವರು ನಮ್ಮ ಜಿಲ್ಲೆಯ ತಳುಕಿನವರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿರುವುದು ಆ ಗುರುವಿಗೇ. ನನ್ನ ಬಾಲ್ಯದ ಕೋಟೆಯ ಕಥೆ ಬರೆದ ತ.ರಾ.ಸು. ಅವರೂ ಅದೇ ತಳುಕಿನ ಮನೆತನದವರು. ಅಪ್ಪನ ಊರಿನ ಹೆಸರು ಅಮ್ಮನ ಊರಿನ ಬಂಡೆಯ ಮೇಲೆ ಇದೆಯೆಂದು ಮಕ್ಕಳಿಗೆ ವಿವರಿಸುವಾಗ ನನ್ನ ಗಂಟಲು ಕಟ್ಟಿತು.

ಆ ರಾತ್ರಿ ತೀರ್ಥಹಳ್ಳಿಯ ವಸತಿಗೃಹದಲ್ಲಿ, ಖರ್ಚು ಬರೆದಿಡಲೆಂದು ಒಯ್ದಿದ್ದ ಪುಸ್ತಕದ ಹಿಂಬದಿಯಿಂದ ಬರೆಯಲು ಕುಳಿತೆ. ಅಂದಿನಿಂದ ಒಂದು ಅಭ್ಯಾಸ ಬಿಟ್ಟಿಲ್ಲ, ಅದನ್ನೇ ನಿಮಗೂ ಹೇಳುತ್ತೇನೆ. ಪ್ರವಾಸ ಹೋದಾಗ ದಿನಕ್ಕೆ ಒಂದು ವಸ್ತುವನ್ನು ಮಾತ್ರ ಬರೆಯುತ್ತೇನೆ: ಅದರ ಹೆಸರು, ಆ ಹೆಸರನ್ನು ನನಗೆ ಹೇಳಿದವರು ಯಾರು, ಅವರು ಹೇಳಿದ ಮಾತು ಅವರ ಬಾಯಲ್ಲಿ ಬಂದ ಹಾಗೆಯೇ. ನೋಡಿದ್ದನ್ನೆಲ್ಲ ಬರೆಯಲು ಹೊರಟರೆ ಎರಡನೆಯ ದಿನಕ್ಕೇ ಕೈಸೋಲುತ್ತದೆ, ಬರೆದದ್ದೂ ಜಾಹೀರಾತಿನಂತೆ ಕಾಣುತ್ತದೆ. ಫೋಟೋ ಧಾರಾಳವಾಗಿ ತೆಗೆಯಿರಿ, ಆದರೆ ಫೋಟೋದಲ್ಲಿ ಹೆಸರು ಬರುವುದಿಲ್ಲ. ಜೊತೆಗೆ, ಹೋಗುವ ಊರಿನ ಬಗ್ಗೆ ಬರೆದ ಒಂದು ಪುಸ್ತಕವನ್ನು ಹೋಗುವ ಮೊದಲು ಅರ್ಧ ಓದಿ, ಬಂದ ಮೇಲೆ ಉಳಿದರ್ಧ ಓದಿ ನೋಡಿ. ಪೂರ್ತಿ ಓದಿಕೊಂಡು ಹೋದರೆ ಪುಸ್ತಕದಲ್ಲಿದ್ದದ್ದನ್ನೇ ಹುಡುಕುತ್ತೇವೆ, ಏನೂ ಓದದೆ ಹೋದರೆ ಏನು ಕೇಳಬೇಕೆಂದೇ ತಿಳಿಯುವುದಿಲ್ಲ. ಇದು ನನ್ನ ಅನುಭವ.

ಸಮಯದ ವಿಷಯವನ್ನೂ ಕೇಳಿದ್ದೀರಿ. ನಾನು ಬರೆಯುವುದು ಬೆಳಿಗ್ಗೆ ಐದರಿಂದ ಐದು ಮುಕ್ಕಾಲರವರೆಗೆ, ಹಾಲಿನವನು ಬರುವವರೆಗೆ. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವ ಒತ್ತಡವಿರುವುದರಿಂದ ಬರೆಯುವುದಿಲ್ಲ.

ಈಗ ಬರೆಯುತ್ತಿರುವುದು ಒಂದು ನೀಳ್ಗತೆ. 1975ರಲ್ಲಿ ತೀರ್ಥಹಳ್ಳಿಯಿಂದ ಬಸ್ಸು ಹತ್ತಿದ ಮದುಮಗಳೊಬ್ಬಳ ಕಥೆ. ಕುಪ್ಪಳಿಯಿಂದ ಬಂದ ಎಷ್ಟೋ ದಿನಗಳ ಮೇಲೆ, ಸೊಪ್ಪು ಸೋಸುತ್ತ ಕುಳಿತಿದ್ದ ಅಮ್ಮ ತಾವಾಗಿಯೇ ಹೇಳಿದ ಒಂದು ಮಾತಿನಿಂದ ಅದು ಹುಟ್ಟಿತು. ತವರಿನಿಂದ ಬರುವಾಗ ಅಜ್ಜಿ ಅವರ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಒಂದು ಉಪ್ಪಿನ ಮರಿಗೆಯನ್ನು ಇಟ್ಟು ಕಳುಹಿಸಿದ್ದರಂತೆ. ಇಲ್ಲಿನ ಒಣಹವೆಗೆ ಅದು ಎರಡನೆಯ ಬೇಸಿಗೆಯಲ್ಲಿ ಬಿರುಕು ಬಿಟ್ಟಿತಂತೆ. ಇಷ್ಟು ವರ್ಷ ಅದೇ ಮನೆಯಲ್ಲಿ ಬೆಳೆದ ನನಗೆ ಅಂಥದ್ದೊಂದು ಇತ್ತೆಂಬುದೇ ಗೊತ್ತಿರಲಿಲ್ಲ.

ಕಥೆ ಆ ಬಿರುಕಿನವರೆಗೆ ಬಂದು ನಿಂತಿತ್ತು. ಮುಂದೇನಾಯಿತು ಎಂದು ಊಹಿಸಿ ಬರೆಯಲು ಮನಸ್ಸು ಒಪ್ಪದೆ ಕಳೆದ ಭಾನುವಾರ ಅಮ್ಮನನ್ನೇ ಕೇಳಿದೆ.

‘ಬಚ್ಚಲೊಲೆಗೆ ಹಾಕಿದೆ,’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಲಸಿನ ಮರ. ಚೆನ್ನಾಗಿ ಉರೀತು’ ಎಂದರು.