ಪ್ರತಿಕ್ರಿಯೆ: ಮಲೇರಿಯಾ ಮಾತ್ರೆ ಮತ್ತು ಕಾಲಿನ ಶಕ್ತಿ

ನಮಸ್ಕಾರ. ಸಂಧಿವಾತಕ್ಕೆ ಆರು ವರ್ಷದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ (ಮೂಲತಃ ಮಲೇರಿಯಾ ಔಷಧಿ) ನುಂಗುತ್ತಿರುವ ನಿಮ್ಮ ತಾಯಿಗೆ ಈಗ ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಮಲೇರಿಯಾ ಔಷಧಿಯಿಂದ ಲಕ್ವ ಹೊಡೆಯುತ್ತದಾ ಅಂತ ಕೇಳಿದ್ದೀರಿ.

ಲಕ್ವ ಅಲ್ಲ, ಆದರೆ ನಿಮ್ಮ ಅನುಮಾನ ಸುಮ್ನೆ ಅಲ್ಲ. ಈ ಔಷಧಿ ಸ್ನಾಯುವಿನ ಕೋಶಗಳೊಳಗೆ ಕಸ ಕರಗಿಸುವ ಚೀಲಗಳಲ್ಲಿ (ಲೈಸೋಸೋಮ್) ಸೇರಿಕೊಂಡು ಅಲ್ಲಿನ ಆಮ್ಲವನ್ನು ಕಡಿಮೆ ಮಾಡುತ್ತದೆ. ಕಸ ಕರಗದೆ ಉಳಿಯುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಇದರಿಂದ ತೊಡೆ, ಭುಜದ ಸ್ನಾಯುಗಳು ಮೆಲ್ಲಗೆ ಸೋಲುತ್ತವೆ, ಹೆಚ್ಚಾಗಿ ನೋವಿಲ್ಲದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಅಪಾಯ ಜಾಸ್ತಿ. ಸ್ನಾಯು ಹಾನಿಯನ್ನು ತೋರಿಸುವ ಸಿಕೆ ರಕ್ತಪರೀಕ್ಷೆ ಸರಿ ಬಂದ ಮಾತ್ರಕ್ಕೆ ನಿರಾಳವಾಗಬೇಡಿ, ಈ ತೊಂದರೆಯಲ್ಲಿ ಅದು ಸರಿಯಾಗೇ ಇರಬಹುದು. ಸ್ನಾಯುವಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ತೊಂದರೆಯ ಗುರುತಾದ ಬಾಗಿದ ಗೆರೆಗಳಂಥ ರಚನೆ ಕಾಣಬಹುದು.

ಔಷಧಿ ನಿಲ್ಲಿಸಿದರೆ ಎಷ್ಟೋ ಜನ ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಆದರೆ ನೀವೇ ನಿಲ್ಲಿಸಬೇಡಿ, ಸಂಧಿವಾತ ಕೆರಳಬಹುದು. ಬರೆದುಕೊಟ್ಟ ವೈದ್ಯರಿಗೇ ಹೇಳಿ. ಇಸಿಜಿಯ ಬಗ್ಗೆಯೂ ಕೇಳಿ, ಹೃದಯವೂ ಸ್ನಾಯುವೇ ಅಲ್ವಾ?

ಇನ್ನು, 2013ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದ್ದು ಮಲೇರಿಯಾದ ಬೇರೆ ಔಷಧಿಗೆ, ಮೆಫ್ಲೋಕ್ವಿನ್‌ಗೆ. ಅದು ತಲೆಸುತ್ತು, ಸಮತೋಲನ ತಪ್ಪುವುದರ ಬಗ್ಗೆ.

ಮುಖ ಸೊಟ್ಟಗಾದರೆ, ಒಂದೇ ಪಕ್ಕದ ಕೈಕಾಲು ಇದ್ದಕ್ಕಿದ್ದಂತೆ ಸೋತರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.