ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಒಂದೇ ಪದ ಹಾಕಿ ಹುಡುಕಿದರೆ ಯಾಕೆ ಸಾಲದು?

ಒಂದೇ ಕಾಯಿಲೆಗೆ ಒಬ್ಬೊಬ್ಬ ಲೇಖಕರು ಒಂದೊಂದು ಹೆಸರು ಬಳಸುತ್ತಾರೆ, ಅದಕ್ಕೇ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು ಇದು. ಒಬ್ಬರು 'ಕ್ಯಾಸನೂರ್ ಫಾರೆಸ್ಟ್ ಡಿಸೀಸ್' ಎಂದು ಬರೆದರೆ, ಇನ್ನೊಬ್ಬರು 'ಕೆಎಫ್‌ಡಿ', ಮತ್ತೊಬ್ಬರು 'ಮಂಕಿ ಫೀವರ್' ಅನ್ನುತ್ತಾರೆ.

ಈ ತೊಂದರೆ ತಪ್ಪಿಸಲೆಂದೇ ಪಬ್‌ಮೆಡ್ ನಡೆಸುವ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 'ಮೆಶ್' ಎಂಬ ಪದಪಟ್ಟಿ ಇಟ್ಟುಕೊಂಡಿದೆ. ಲೇಖಕರು ಯಾವ ಹೆಸರೇ ಬರೆದಿರಲಿ, ಗ್ರಂಥಾಲಯ ಆ ಲೇಖನಕ್ಕೆ ಪಟ್ಟಿಯಲ್ಲಿರುವ ಒಂದೇ ಹೆಸರಿನ ಚೀಟಿ ಅಂಟಿಸುತ್ತದೆ. ಆ ಚೀಟಿ ಹಿಡಿದು ಹುಡುಕಿದರೆ ಎಲ್ಲ ಒಟ್ಟಿಗೆ ಸಿಗುತ್ತವೆ. ಆದರೆ ಪಬ್‌ಮೆಡ್‌ನ ಎಲ್ಲ ಲೇಖನಗಳಿಗೂ ಚೀಟಿ ಇರುವುದಿಲ್ಲ. ಹಾಗಾಗಿ ಮೆಶ್ ಪದ, ಮಾಮೂಲಿ ಪದ ಎರಡನ್ನೂ 'ಆರ್' (OR) ಹಾಕಿ ಜೋಡಿಸಿ; ಆಗ ಎರಡರಲ್ಲಿ ಯಾವುದಿದ್ದರೂ ಲೇಖನ ಸಿಗುತ್ತದೆ. ಲಸಿಕೆಯಂಥ ಇನ್ನೊಂದು ವಿಷಯ ಸೇರಿಸಬೇಕಾದರೆ 'ಆಂಡ್' (AND) ಹಾಕಿ; ಆಗ ಎರಡೂ ಇರುವ ಲೇಖನಗಳಷ್ಟೇ ಬರುತ್ತವೆ.

ಒಂದು ಮಾತು: ಪದಗಳಿಗೆ ಸುಮ್ನೆ ಉದ್ಧರಣ ಚಿಹ್ನೆ ಹಾಕಬೇಡಿ. ಹಾರ್ಟ್ ಅಟ್ಯಾಕ್ ಎಂದು ಹಾಗೇ ಟೈಪ್ ಮಾಡಿದರೆ ಪಬ್‌ಮೆಡ್ ತಾನೇ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಎಂಬ ಮೆಶ್ ಪದವನ್ನೂ ಸೇರಿಸಿ ಹುಡುಕುತ್ತದೆ. ಚಿಹ್ನೆ ಹಾಕಿದರೆ ಆ ಸಹಾಯ ನಿಂತುಹೋಗುತ್ತದೆ. ಎಷ್ಟೋ ವಿದ್ಯಾರ್ಥಿಗಳು ಒಳ್ಳೆಯ ಲೇಖನ ಕಳೆದುಕೊಳ್ಳುವುದು ಇಲ್ಲೇ.

ಎಂಬೇಸ್ ಎಂಬ, ಪಬ್‌ಮೆಡ್‌ನಂಥದ್ದೇ ಇನ್ನೊಂದು ತಾಣಕ್ಕೆ ಹೋದರೆ ಅದರ ಪದಪಟ್ಟಿ 'ಎಮ್‌ಟ್ರೀ' ಬೇರೆಯೇ. ಅಲ್ಲಿ ಚೀಟಿಯ ಹೆಸರನ್ನು ಮತ್ತೆ ಹೊಸದಾಗಿ ನೋಡಿಕೊಳ್ಳಬೇಕು.