‘ಲುಕ್ಸ್ ನೈಸ್’ ಸರಿ, ‘ಲುಕ್ಸ್ ನೈಸ್ಲಿ’ ಯಾಕೆ ತಪ್ಪು?

ನಮಸ್ಕಾರ. ಆಫೀಸ್ ಮೇಲ್‌ನಲ್ಲಿ ನೀವು ಬರೆದ ‘ದ ಪ್ಲಾನ್ ಲುಕ್ಸ್ ನೈಸ್ಲಿ’ಯನ್ನು ಟೀಮ್ ಲೀಡ್ ‘ಲುಕ್ಸ್ ನೈಸ್’ ಅಂತ ತಿದ್ದಿದ್ದಾರೆ, ಕ್ರಿಯಾಪದಕ್ಕೆ ಕ್ರಿಯಾವಿಶೇಷಣ (ಆಡ್‌ವರ್ಬ್, ಇಲ್ಲಿ ‘ನೈಸ್ಲಿ’) ತಾನೇ ಬರಬೇಕು ಅಂತ ಕೇಳಿದ್ದೀರಿ. ತಿದ್ದಿದ್ದು ಸರಿಯಾಗಿದೆ. ನಾವು ‘ಚೆನ್ನಾಗಿ ಕಾಣ್ತಿದೆ’ ಅನ್ನುವವರು, ಆ ‘ಆಗಿ’ಯೇ ಇಂಗ್ಲಿಷಿಗೆ ಹೋದಾಗ ‘ಲಿ’ ಆಗಿಬಿಡುತ್ತದೆ.

ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್, ಸೀಮ್, ಬಿಕಮ್ ಇವು ಕರ್ತೃ ಹೇಗಿದೆ ಅಂತ ಹೇಳುವಾಗ ಗುಣವಾಚಕವನ್ನೇ (ಆಡ್ಜೆಕ್ಟಿವ್, ‘ನೈಸ್’ ಥರದ್ದು) ಕೇಳುತ್ತವೆ. ಪರೀಕ್ಷೆ ಸುಲಭ: ಕ್ರಿಯಾಪದ ತೆಗೆದು ‘ಈಸ್’ ಅಥವಾ ‘ವಾಸ್’ ಹಾಕಿ ನೋಡಿ. ‘ದ ಕಾಫಿ ಸ್ಮೆಲ್ಸ್ ಗುಡ್’, ‘ದ ಕಾಫಿ ಈಸ್ ಗುಡ್’. ಅರ್ಥ ಉಳಿಯಿತು, ಹಾಗಾಗಿ ಗುಣವಾಚಕ.

ಅದೇ ಕ್ರಿಯಾಪದ ಪಾತ್ರ ಬದಲಿಸುವುದೂ ಉಂಟು, ಎಡವುವುದು ಹೆಚ್ಚಾಗಿ ಇಲ್ಲೇ. ಬಿಎಂಟಿಸಿ ಬಸ್ಸಿನಲ್ಲಿ ‘ದ ಕಂಡಕ್ಟರ್ ಲುಕ್ಡ್ ಆಂಗ್ರಿ’ ಅಂದರೆ ಅವರ ಮುಖದಲ್ಲಿ ಕೋಪ ಕಾಣುತ್ತಿತ್ತು. ‘ದ ಕಂಡಕ್ಟರ್ ಲುಕ್ಡ್ ಆಂಗ್ರಿಲಿ ಅಟ್ ಮಿ’ ಅಂದರೆ ಸಿಟ್ಟಿನಿಂದ ನನ್ನತ್ತ ನೋಡಿದರು. ಎರಡನೆಯದರಲ್ಲಿ ನೋಡುವ ಕೆಲಸ ನಡೆದಿದೆ, ‘ವಾಸ್ ಆಂಗ್ರಿಲಿ ಅಟ್ ಮಿ’ ಅಂತ ಹಾಕಿದರೆ ವಾಕ್ಯವೇ ಮುರಿಯುತ್ತದೆ.

ಸಾಮಾನ್ಯವಾಗಿ ಕ್ರಿಯಾವಿಶೇಷಣವಾಗುವ ‘ವೆಲ್’ ಬೇರೆ ಕಥೆ: ಆರೋಗ್ಯದ ಮಾತಿಗೆ ‘ಐ ಫೀಲ್ ವೆಲ್’ ಸರಿ, ಅಲ್ಲಿ ಅದು ಗುಣವಾಚಕ.

ಇನ್ನೊಂದು, ರೆಸ್ಯೂಮೆ ಕಳಿಸುವ ಮುಂಚೆ ದಯವಿಟ್ಟು ನೋಡಿಕೊಳ್ಳಿ. ‘ಐ ವರ್ಕ್ಡ್ ಹಾರ್ಡ್’ ಅಂದರೆ ಕಷ್ಟಪಟ್ಟು ದುಡಿದೆ. ‘ಐ ಹಾರ್ಡ್ಲಿ ವರ್ಕ್ಡ್’ ಅಂದರೆ ಕೆಲಸ ಮಾಡಿದ್ದೇ ಅಪರೂಪ.